ಪಕ್ಕದ ಮನೆಯ ಒಣಗಿದ ಹೊಸ್ತಿಲು

ಹೊರಡುವ ಮೊದಲು, ಬೈಲಹೊಂಗಲ

ಅಮೆರಿಕಾಕ್ಕೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಓಣಿಯವರು ಕೇಳುವುದು ಆಕಾಶ ಮುಟ್ಟುವ ಕಟ್ಟಡಗಳ ಬಗ್ಗೆ. ಅವನ್ನು ನಾನು ಕಂಡದ್ದು ವಿಮಾನದ ಕಿಟಕಿಯಿಂದ, ಅದೂ ಅರ್ಧ ನಿದ್ದೆಯಲ್ಲಿ. ಹತ್ತಿರ ಹೋಗಿ, ಕೈಯಿಂದ ಮುಟ್ಟಿ ನೋಡಿ ಬಂದದ್ದು ಖಾಲಿ ಮನೆಗಳನ್ನು. ಗೋಡೆ ಕುಸಿದ ಪಾಳು ಮನೆಗಳಲ್ಲ. ಬಣ್ಣ ಮಾಸಿಲ್ಲ, ಗಾಜು ಒಡೆದಿಲ್ಲ, ಮುಂದಿನ ಗುಲಾಬಿ ಇನ್ನೂ ಹೂ ಬಿಡುತ್ತಿದೆ. ಒಳಗೆ ಮಾತ್ರ ಯಾರೂ ಇಲ್ಲ. ಅಂಥ ಮನೆಗಳನ್ನು ನೀವು ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ.

ನನ್ನನ್ನು ಅಷ್ಟು ದೂರ ಕರೆದುಕೊಂಡು ಹೋದದ್ದು ಬಾಗಿಲುಗಳು. ನಮ್ಮ ಮನೆಯ ತಲಬಾಗಿಲು ಮನೆಗಿಂತ ಹಳೆಯದು. ನವಿಲುತೀರ್ಥದ ಅಣೆಕಟ್ಟು ತುಂಬಿ ಅಜ್ಜಿಯ ತವರೂರು ನೀರಿಗೆ ಹೋಗುವ ಹೊತ್ತಿಗೆ ಜನ ಚಕ್ಕಡಿಗೆ ಮೊದಲು ಹೇರಿದ್ದು ಬಾಗಿಲು, ಚೌಕಟ್ಟು, ಕಂಬ. ಆಮೇಲೆ ಕಾಳು ಕಡಿ. ಹಾಗೆ ನಮ್ಮ ಮನೆಗೆ ಬಂದ ಬಾಗಿಲಿಗೆ ಒರಗಿ ಬೆಳೆದವಳು ನಾನು. ಯಾವ ಕಾಲೇಜಿನಲ್ಲೂ ಕಲಿಯದೆ, ಸೈಕಲ್ಲು ಮತ್ತು ಒಂದು ಎರವಲು ಕ್ಯಾಮೆರಾ ಹಿಡಿದು ಕಿತ್ತೂರು, ದೇಗಾಂವ, ರಾಮದುರ್ಗದ ತನಕ ಹಳೇ ಬಾಗಿಲುಗಳ ಫೋಟೋ ತೆಗೆದೆ. ಯಾರೋ ನನಗೆ 'ಬಾಗಲ ನೀಲಾ' ಎಂದು ಹೆಸರಿಟ್ಟರು. ಎರಡು ಸಾವಿರದ ಒಂಬತ್ತರಲ್ಲಿ ಒಂದು ಸೇವಾ ಸಂಸ್ಥೆಯವರು ನಮ್ಮ ಕಡೆಯ ಕೆಲವು ಯುವಕ ಯುವತಿಯರನ್ನು ಅಮೆರಿಕಾಕ್ಕೆ ಕಳಿಸುವವರಿದ್ದರು. ಅಲ್ಲಿಯವರ ಮನೆಯಲ್ಲಿ ಇರುವುದು, ಅವರ ಬದುಕು ನೋಡುವುದು, ಅಷ್ಟೇ ಕೆಲಸ. ಹಳೇ ಮನೆಗಳ ಹುಚ್ಚಿರುವ ಒಬ್ಬಳು ಇರಲಿ ಎಂದು ನನ್ನನ್ನೂ ಸೇರಿಸಿಕೊಂಡರು.

ಅವ್ವ ಗಂಟು ಕಟ್ಟುವಾಗ ಚಟ್ನಿಪುಡಿಯ ಪಕ್ಕದಲ್ಲಿ ಇನ್ನೊಂದು ಪುಡಿಯ ಪೊಟ್ಟಣ ಇಟ್ಟಳು. ರಂಗೋಲಿ.

"ಅಲ್ಲಿ ಯಾರ ಮನ್ಯಾಗ ಇರ್ತೀಯೋ, ಆ ಮನಿ ಬಾಗಲಕ್ಕ ಮುಂಜಾನೆದ್ದು ಒಂದ ತಂಬಿಗಿ ನೀರ ಹಾಕು," ಎಂದಳು. "ಉಂಡ ಮನಿಗೆ ಅಷ್ಟರೆ ಮಾಡು."

"ಯವ್ವಾ, ಅಲ್ಲಿ ನೀರಿನ ಥಳಿ ಹೊಡ್ಯಾಕ ಅಂಗಳರೆ ಇರ್ತೈತೇನ?"

"ಬಾಗಲಾ ಇಲ್ಲದ ಮನಿ ಇರ್ತಾವೇನ? ಬಾಗಲಾ ಇದ್ದಲ್ಲಿ ಮುಂದ ನೆಲಾ ಇರ್ತೈತಿ. ಹಾಕು."

ಒಂದು ಉಕ್ಕಿನ ಮೇಜು

ಅಮೆರಿಕಾದಲ್ಲಿ ನಾನು ಹಾಕಿದ ಮೊದಲ ರಂಗೋಲಿ ಯಾವ ಮನೆಯ ಮುಂದೆಯೂ ಅಲ್ಲ, ವಿಮಾನ ನಿಲ್ದಾಣದ ತಪಾಸಣೆಯ ಮೇಜಿನ ಮೇಲೆ. ಬಿಳಿ ಪುಡಿಯ ಪೊಟ್ಟಣ ನೋಡಿದ್ದೇ ಅಧಿಕಾರಿಣಿಯ ಮುಖ ಬಿಗಿಯಿತು. ನಮ್ಮ ತಂಡದ ಮುಖಂಡರು ಸೌದತ್ತಿಯ ವಕೀಲರು, ನಾವೆಲ್ಲ ವಕೀಲ ಕಾಕಾ ಅನ್ನುತ್ತಿದ್ದೆವು. ಅವರು ಮುಂದೆ ಬಂದು ಕೋರ್ಟಿನ ಇಂಗ್ಲಿಷಿನಲ್ಲಿ ವಾದ ಶುರು ಮಾಡಿದರು. ಅದರಿಂದ ಅನುಮಾನ ಇನ್ನೂ ಹೆಚ್ಚಿತು.

ಕೊನೆಗೆ ಆಕೆ ಉಕ್ಕಿನ ಮೇಜು ತೋರಿಸಿ, ಇದರಿಂದ ಏನು ಮಾಡುತ್ತಾರೋ ಮಾಡಿ ತೋರಿಸು ಎಂದಳು. ಚುಕ್ಕಿ ಇಟ್ಟು, ಎಳೆ ಎಳೆದು, ತಾವರೆ ಮುಗಿಸಿದೆ. ಅಕ್ಕಪಕ್ಕದ ಅಧಿಕಾರಿಗಳೂ ಬಂದು ನಿಂತರು. ಆಕೆ ಒರೆಸುವ ಬಟ್ಟೆ ತೆಗೆದುಕೊಂಡಳು, ಒರೆಸಲಿಲ್ಲ. ಮುಂದಿನ ಪ್ರಯಾಣಿಕನನ್ನು ಪಕ್ಕದ ಮೇಜಿಗೆ ಕಳಿಸಿದಳು.

"ನನ್ನ ಇಡೀ ವಾದಕ್ಕಿಂತ ನಿನ್ನ ಚಿಟಿಕಿ ಪುಡಿ ಭಾರ ಆತಲ್ಲವಾ," ಎಂದರು ಕಾಕಾ, ಚೀಲ ಎತ್ತಿಕೊಳ್ಳುತ್ತ.

ಈರಿ ಸರೋವರದ ದಂಡೆ

ನಾವು ತಲುಪಿದ್ದು ಓಹಾಯೊ ರಾಜ್ಯದಲ್ಲಿ, ಈರಿ ಎಂಬ ಸರೋವರದ ದಂಡೆಯ ಒಂದು ಊರಿಗೆ. ಸರೋವರ ಅಂದರೆ ನಮ್ಮ ಮಲಪ್ರಭೆಯ ಹಿನ್ನೀರು ಇದ್ದ ಹಾಗೆ ಇದ್ದೀತು ಅಂದುಕೊಂಡಿದ್ದೆ. ಆಚೆ ದಡವೇ ಇಲ್ಲ! ಅಲೆ ಬೇರೆ! ಸಮುದ್ರ ಅಂದುಕೊಂಡು ಉಪ್ಪಿದೆಯಾ ಎಂದು ಬೆರಳು ಅದ್ದಿ ನೆಕ್ಕಿದೆ. ಸಿಹಿ ನೀರು. ಅಷ್ಟು ಸಿಹಿ ನೀರನ್ನು ಒಂದೇ ಕಡೆ ನೋಡಿ ನಂಬಲಾಗದೆ ಇನ್ನೊಮ್ಮೆ ಬೆರಳು ಅದ್ದಿದೆ.

ನನ್ನನ್ನು ಇರಿಸಿಕೊಂಡವರು ಮಾರ್ಗರೆಟ್, ಅರವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಬಸ್ಸು ಓಡಿಸಿ ನಿವೃತ್ತರಾದವರು. ಹೆಸರು ಹಿಡಿದೇ ಕರಿ ಎಂದರು. ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲಿಲ್ಲ. ಕಾಕಾ ಆಕೆಯನ್ನು 'ಮಾರ್ಗವ್ವ' ಮಾಡಿ ಸಮಸ್ಯೆ ಬಗೆಹರಿಸಿದರು. ಮುಂದೆ ಅಮೆರಿಕಾದವರು ಆಡುವ ಮಾತೆಲ್ಲ ನಮ್ಮ ಭಾಷೆಯಲ್ಲೇ ಬರುತ್ತದೆ. ಅವರು ಆಡಿದ್ದು ಇಂಗ್ಲಿಷ್. ನನ್ನೊಳಗೆ ಇಳಿದದ್ದು ಹೀಗೆ. ಬೇರೆ ಥರ ಬರೆಯಲು ನನಗೆ ಬರುವುದಿಲ್ಲ.

ಆ ಬೀದಿಯ ಮನೆಗಳು ಮರದವು, ಎಲ್ಲಕ್ಕೂ ಮುಂದೆ ಕಟ್ಟೆ, ಮೆಟ್ಟಿಲು, ಹುಲ್ಲುಹಾಸು. ಒಂದಕ್ಕೊಂದು ಗೋಡೆ ತಾಗುವುದಿಲ್ಲ. ನಮ್ಮ ಓಣಿಯಲ್ಲಿ ಒಬ್ಬರ ಮಾಳಿಗೆ ಸೋರಿದರೆ ಇನ್ನೊಬ್ಬರ ಗೋಡೆ ನೆನೆಯುತ್ತದೆ. ಹಾಗಾಗಿ ಮಳೆಗೆ ಮೊದಲು ಯಾರು ಮಾಳಿಗೆಗೆ ಮಣ್ಣು ಹಾಕಿಲ್ಲ ಎಂದು ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೆ ಯಾರ ಚಿಂತೆ ಅಂದುಕೊಂಡೆ. ಎಷ್ಟು ತಪ್ಪು ತಿಳಿದಿದ್ದೆ ಎನ್ನುವುದು ಶನಿವಾರ ಗೊತ್ತಾಯಿತು.

ಶನಿವಾರ, ಹುಲ್ಲು

ಶನಿವಾರ ಮಾರ್ಗವ್ವ ಹುಲ್ಲು ಕತ್ತರಿಸುವ ಯಂತ್ರ ಹೊರತೆಗೆದರು. ತಮ್ಮ ಹಾಸು ಮುಗಿಯಿತು. ಯಂತ್ರ ನಿಲ್ಲಿಸಲಿಲ್ಲ. ಹಾಗೇ ತಳ್ಳಿಕೊಂಡು ಪಕ್ಕದ ಮನೆಯ ಹಾಸಿಗೆ ಹೋಗಿ ಅದನ್ನೂ ಕತ್ತರಿಸಿದರು.

"ಅದೂ ನಿಮ್ಮದ ಏನ್ರಿ?"

"ಅಲ್ಲ."

"ಮತ್ತ ಯಾರದ್ರಿ?"

ಆಕೆ ಬೆವರು ಒರೆಸಿಕೊಂಡರು. "ಅದನ್ನ ಈ ಊರಾಗ ಯಾರೂ ಹೇಳೂದಿಲ್ಲ ನೋಡು."

ಆ ಮನೆಯಲ್ಲಿದ್ದವಳು ಡೆನೀಸ್. ಮನೆಯ ಸಾಲ ಕಟ್ಟಲು ಆಗಲಿಲ್ಲ, ಬ್ಯಾಂಕು ಜಪ್ತಿ ಮಾಡುತ್ತೇನೆ ಎಂದು ಕಾಗದ ಕಳಿಸಿತು, ಆಕೆ ಸಾಮಾನು ಹೇರಿಕೊಂಡು ಅಕ್ಕನ ಮನೆಗೆ ಹೋದಳು. ಹೋಗಿ ವರ್ಷವಾಯಿತು. ಬ್ಯಾಂಕಿನವರು ಮನೆ ವಶಕ್ಕೆ ತೆಗೆದುಕೊಳ್ಳಲು ಬರಲಿಲ್ಲ. ಬಾಗಿಲಿಗೆ ನಗರಸಭೆಯ ನೋಟಿಸು ಅಂಟಿದೆ: ಈ ಮನೆಗೆ ಯಾರೂ ಹೊಣೆ ಹೊರದಿದ್ದರೆ ಕೆಡವಲಾಗುವುದು. ಯಾರೂ ಇಲ್ಲದ ಮನೆಗೆ, ಓದುವವರೇ ಇಲ್ಲದ ನೋಟಿಸು.

ಬೀದಿಯಲ್ಲಿ ಅಂಥ ಮನೆಗಳು ಇನ್ನೂ ಇದ್ದವು. ಮೊದಲು ನನಗೆ ಗುರುತೇ ಸಿಕ್ಕಿರಲಿಲ್ಲ. ಸಿಗದಂತೆ ಮಾಡಿದವರು ನೆರೆಯವರು. ಎದುರುಮನೆಯ ಮುದುಕ ತನ್ನ ಎರಡನೇ ಕಾರನ್ನು ತಂದು ಡೆನೀಸಳ ಮನೆಯ ಮುಂದೆ ನಿಲ್ಲಿಸುತ್ತಿದ್ದ, ಯಾರೋ ಇದ್ದಾರೆ ಎಂದು ಕಾಣಲಿ, ಕಳ್ಳರು ಒಳಗೆ ಹೋಗದಿರಲಿ ಎಂದು. ಯಾರೋ ಹಬ್ಬಕ್ಕೆ ಆ ಬಾಗಿಲಿಗೂ ಹಸಿರು ಮಾಲೆ ಕಟ್ಟಿ ಹೋಗಿದ್ದರಂತೆ. ಒಬ್ಬ ಮನುಷ್ಯ ಖಾಲಿ ಮನೆಗೆ ತನ್ನ ಕಾರನ್ನು ಜೊತೆಗೆ ಬಿಡುತ್ತಾನೆ ಎಂದರೆ! ನಾನು ಆ ಕಾರಿನ ಮುಂದೆ ನಿಂತು ನೋಡಿದ್ದೇ ನೋಡಿದ್ದು.

ಸಂಜೆ ಕಾಕಾ ಬಂದಾಗ ಎಲ್ಲ ಹೇಳಿದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು.

"ಸೌದತ್ತಿ ಕೋರ್ಟಿನಾಗ ಒಂದ ಗೇಣ ಗ್ವಾಡಿ ಸಲವಾಗಿ ಅಜ್ಜ ಬಡಿದಾಡಿದ, ಅಪ್ಪ ಬಡಿದಾಡಿದ, ಈಗ ಮೊಮ್ಮಗ ನನ್ನ ಕಕ್ಷಿದಾರ. ಇಲ್ಲಿ ಇಡೀ ಮನೀನ ಒಬ್ಬರೂ ನಂದು ಅನ್ನವಲ್ರಲ್ಲ! ಈ ಊರಾಗ ನಾ ವಕೀಲಕಿ ಮಾಡಿದ್ರ ಉಪವಾಸ ಬೀಳ್ತೇನಿ."

"ಉಗರಗೋಳದಾಗ ಹುಣ್ಣಿವಿ ಬಂದ್ರ ಒಂದ ಪಡಸಾಲಿ ಖಾಲಿ ಸಿಗೂದಿಲ್ಲ ಕಾಕಾ," ಎಂದೆ. "ಮನಿಯವರು ತಾವ ಹೊರಗ ಮಲಗಿ ಎಲ್ಲವ್ವನ ಜಾತ್ರಿಗೆ ಗುಡ್ಡಕ್ಕ ಬಂದವರಿಗೆ ಒಳಗ ಜಾಗಾ ಕೊಡ್ತಾರ."

"ಅದಕ್ಕ ಅನ್ನೂದು ನಾ, ಆ ಎಲ್ಲವ್ವನ ಗುಡ್ಡದ ಮಂದೀನ ಇಲ್ಲಿ ತಂದ ಬಿಡಬೇಕು. ಒಂದ ರಾತ್ರ್ಯಾಗ ಊರು ತುಂಬತೈತಿ!"

ಮಾರ್ಗವ್ವನಿಗೆ ಇದನ್ನು ಅರ್ಥ ಮಾಡಿಸಿದಾಗ ಬಿದ್ದು ಬಿದ್ದು ನಕ್ಕರು.

ಬೆಳಗಿನ ಕೆಲಸ

ಅವ್ವನ ಮಾತಿನಂತೆ ದಿನಾ ಎದ್ದು ಮಾರ್ಗವ್ವನ ಮೆಟ್ಟಿಲ ಮುಂದೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದೆ. ಆಕೆ ಚಹಾದ ಬಟ್ಟಲು ಹಿಡಿದು ಕುಳಿತು ನೋಡುತ್ತಿದ್ದರು. ಆದರೆ ಎದ್ದು ನಿಂತರೆ ಪಕ್ಕದ ಮನೆಯ ಒಣಗಿದ ಹೊಸ್ತಿಲು ಕಣ್ಣಿಗೆ ಬೀಳುತ್ತಿತ್ತು. ನಮ್ಮಲ್ಲಿ ಬಾಗಿಲ ಮುಂದೆ ನೀರು, ರಂಗೋಲಿ ಇಲ್ಲದ ಮನೆ ಎಂದರೆ ಒಳಗೆ ಸಾವಾಗಿದೆ ಎಂದು ಅರ್ಥ. ಯಾರಾದರೂ ಊರಿಗೆ ಹೋಗುವಾಗ ಕೀಲಿ ಕೊಟ್ಟು, "ಬಾಗಲಕ್ಕ ಒಂದೀಟ ನೀರ ಹಾಕ್ರಿ" ಎಂದೇ ಹೋಗುತ್ತಾರೆ. ಹೇಳದೆ ಹೋದರೂ ಹಾಕುತ್ತೇವೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ತಂಬಿಗೆ ಎತ್ತಿಕೊಂಡು ಹೋಗಿ ಡೆನೀಸಳ ಮೆಟ್ಟಿಲು ತೊಳೆದು, ಒಂದು ಸಣ್ಣ ರಂಗೋಲಿ ಹಾಕಿಬಿಟ್ಟೆ. ಮರುದಿನ ಬೇರೆ ಹಾಕಿದೆ. ಅದರ ಮರುದಿನ ನವಿಲು. ಪುಡಿ ಮುಗಿಯುತ್ತ ಬಂದಾಗ ಗೋಧಿಹಿಟ್ಟು ಬೆರೆಸಿದೆ. ಅಳಿಲುಗಳು ಬಂದು ನವಿಲಿನ ಬಾಲ ತಿಂದು ಹೋದವು.

ಇನ್ಸ್‌ಪೆಕ್ಟರ್ ಬಂದ

ಆಮೇಲೊಂದು ದಿನ ನಗರಸಭೆಯ ಮನೆ ತನಿಖೆಯವನು ಮಾರ್ಗವ್ವನ ಬಾಗಿಲು ಬಡಿದ. ಎತ್ತರದ ಆಳು, ಕೊರಳಲ್ಲಿ ಗುರುತಿನ ಚೀಟಿ.

"ಪಕ್ಕದ ಮನ್ಯಾಗ ಯಾರ ಇರಾಕ ಹತ್ಯಾರ?"

"ಯಾರೂ ಇಲ್ಲ."

"ಇಲ್ಲಾಂದ್ರ ಹೆಂಗ? ಎರಡ ಸಲ ಬಂದ ಹೋದೆ. ಮೆಟ್ಟಲ ತೊಳದೈತಿ, ನೆಲದ ಮ್ಯಾಲೆ ಚಿತ್ತಾರ ಐತಿ, ಅದೂ ಬಂದಾಗೊಮ್ಮೆ ಬ್ಯಾರೆ. ಖಾಲಿ ಮನಿ ಅಂತ ಹೆಂಗ ಬರ್ಕೊಳ್ಳಿ ನಾ? ಖಾಲಿ ಅಂತ ಬರದ್ರ ತಾನ ಕೆಡವಾಕ ಬರ್ತೈತಿ!"

ಇನ್ನೊಬ್ಬರ ಮನೆಯ ಆವರಣ, ಪರದೇಶ, ವೀಸಾ, ಎಲ್ಲ ಒಮ್ಮೆಗೇ ನೆನಪಾಯಿತು. "ನಾನ ಹಾಕಿದ್ದು ಸರ್," ಎಂದೆ. ಯಾಕೆ ಎಂದು ಕೇಳಿದ. ಬಾಗಿಲು ಒಣಗಿರಬಾರದು ಎಂದೆ. ಇದಕ್ಕಿಂತ ಹೆಚ್ಚು ಇಂಗ್ಲಿಷು ಆ ಹೊತ್ತಿಗೆ ಹೊಳೆಯಲಿಲ್ಲ.

ಅವನು ಬೈಯಲಿಲ್ಲ. ಮೆಟ್ಟಿಲ ಮೇಲೆ ಕುಳಿತ. ಆಗ ಮಾರ್ಗವ್ವ, ವರ್ಷದಿಂದ ಕೇಳಬೇಕೆಂದಿದ್ದನ್ನು ಕೇಳಿದರು. "ನೀನರೆ ಹೇಳು. ಈ ಮನಿ ಯಾರದು?"

"ಯಾರದಂದ್ರ? ಡೆನೀಸಂದ."

"ಬ್ಯಾಂಕಿಂದಲ್ಲಾ?"

ಅವನು ಬಿಡಿಸಿ ಹೇಳಿದ. ಬ್ಯಾಂಕು ಜಪ್ತಿ ಕೇಸು ಹಾಕಿತ್ತು ನಿಜ. ಆದರೆ ಊರೆಲ್ಲ ಮನೆಗಳ ಬೆಲೆ ಬಿದ್ದುಹೋದಾಗ, ಈ ಮನೆ ತಮ್ಮದಾದರೆ ಹುಲ್ಲು, ಸೂರು, ತೆರಿಗೆ ಎಲ್ಲ ತಮ್ಮ ತಲೆಗೇ ಬರುತ್ತದೆ ಎಂದು ಹರಾಜಿಗೆ ಹೋಗದೆ ಸುಮ್ಮನಾಯಿತು. ಆಕೆ ಬ್ಯಾಂಕಿನದು ಎಂದು ಬಿಟ್ಟು ಹೋದಳು. ಬ್ಯಾಂಕು ಆಕೆಯದು ಎಂದು ಬಿಟ್ಟಿತು.

"ಅಕಿಗೆ ಇದ ಗೊತ್ತೈತೇನು?" ಮಾರ್ಗವ್ವನ ದನಿ ಸಣ್ಣದಾಗಿತ್ತು.

"ಗೊತ್ತಿರಬೇಕು."

"ಗೊತ್ತಿದ್ರ ಅಕಿ ಬರತಿದ್ಲು. ಆ ಬಾಗಲ ಮುಂದಿನ ಗುಲಾಬಿ ಅಕೀನ ಹಚ್ಚಿದ್ದು."

ಮುಂದಿನ ವಾರ ಮನೆಗಳ ಕೋರ್ಟಿನಲ್ಲಿ ವಿಚಾರಣೆ ಇದೆ, ಅಲ್ಲಿ ಯಾರೂ ನಿಲ್ಲದಿದ್ದರೆ ಕೆಡವುವ ಯಂತ್ರ ಬರುತ್ತದೆ ಎಂದು ಹೇಳಿ ಅವನು ಎದ್ದ. ಹೋಗುವಾಗ ರಂಗೋಲಿಯನ್ನು ಬಳಸಿಕೊಂಡು, ಹುಲ್ಲಿನ ಮೇಲೆ ನಡೆದು ಹೋದ.

ಆಸ್ಪತ್ರೆಯ ಲಾಂಡ್ರಿ

ಡೆನೀಸ್ ಊರಾಚೆಯ ಒಂದು ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಮಾರ್ಗವ್ವ ಕಾರಿನಲ್ಲಿ ಹೋದರು, ನಾನೂ ಹೋದೆ. ಬಿಸಿ ಆವಿಯೊಳಗಿಂದ ಹೊರಬಂದ ಆಕೆಗೆ ನಲವತ್ತರ ಆಸುಪಾಸು. ಮಾರ್ಗವ್ವನನ್ನು ಕಂಡು ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

"ಯಾಕ ಬಂದೀ? ನಾ ಹೆಂಗ ಅದೇನಿ ಅಂತ ನೋಡಾಕ?"

"ಮನಿ ನಿಂದ ಐತಿ, ಡೆನೀಸ್."

"ಚ್ಯಾಷ್ಟಿ ಮಾಡಬ್ಯಾಡ."

ಮಾರ್ಗವ್ವ ಎಲ್ಲ ಹೇಳಿದರು. ಆಕೆ ಕೇಳುತ್ತ ಕೇಳುತ್ತ ಕೆಂಪಾದಳು. "ಬಿಡು ಅಂದ್ರು, ಬಿಟ್ಟೆ. ಈಗ ನಿಂದ ಅಂತಾರೇನು? ಮನಿ ಇದ್ದಾಗ ಅವರದು, ಹುಲ್ಲ ಬೆಳದಾಗ ನಂದು! ಇದ್ಯಾವ ನ್ಯಾಯ? ಕೆಡವಲಿ. ನನಗ ಬ್ಯಾಡ."

ಒಳಗೆ ಹೋಗಲು ತಿರುಗಿದಳು. ಯಾಕೋ ನಾನೇ, "ಗುಲಾಬಿ ಹೂ ಬಿಟ್ಟಾವ್ರಿ," ಎಂದೆ.

ಡೆನೀಸ್ ನಿಂತಳು. "ಹಳದೀವೂ ಬಿಟ್ಟಾವ?"

"ಅವೂ ಬಿಟ್ಟಾವ್ರಿ."

ಒಳಗೆ

ಕೆಲಸ ಮುಗಿಸಿ ಸಂಜೆ ಬಂದಳು. ತನ್ನ ಮನೆಯ ಮುಂದೆ ಪರಸ್ಥಳದವಳ ಹಾಗೆ ನಿಂತಳು. ಮೆಟ್ಟಿಲ ಮುಂದಿನ ರಂಗೋಲಿ ನೋಡಿ, "ಇದನ್ನ ತುಳೀಬಹುದೋ, ಇಲ್ಲೋ?" ಎಂದಳು.

"ತುಳದ್ರೂ ನಡೀತೈತ್ರಿ. ನಾಳಿ ಮತ್ತ ಹಾಕ್ತೇನಿ."

ಆದರೂ ದಾಟಿಕೊಂಡೇ ಹತ್ತಿದಳು. ಬ್ಯಾಂಕಿನ ಕಡೆಯ ಯಾರೋ ಒಮ್ಮೆ ಬಂದು ಹಿತ್ತಲ ಬಾಗಿಲಿನ ಕೀಲಿ ಬದಲಿಸಿ ಹೋಗಿದ್ದರಂತೆ. ತಲಬಾಗಿಲನ್ನು ಹಾಗೇ ಬಿಟ್ಟಿದ್ದರು. ಡೆನೀಸ್ ತನ್ನ ಗೊಂಚಲಿನಿಂದ ಒಂದು ಕೀಲಿಕೈ ಆರಿಸಿದಳು.

"ಇನ್ನೂ ಇಟ್ಕೊಂಡೀಯೇನ?" ಎಂದರು ಮಾರ್ಗವ್ವ.

"ತಗದ ಒಗ್ಯಾಕ ಕೈ ಬರಲಿಲ್ಲ."

ಕೀಲಿ ತಿರುಗಿತು. ನನಗೆ ಅಜ್ಜಿಯ ತವರೂರಿನ ಚಕ್ಕಡಿ ನೆನಪಾಯಿತು. ನಮ್ಮವರು ಮನೆ ಬಿಟ್ಟು ಬಾಗಿಲು ಹೇರಿಕೊಂಡು ಬಂದರು. ಈಕೆ ಬಾಗಿಲನ್ನೂ ಬಿಟ್ಟು, ಬೆರಳುದ್ದದ ಕೀಲಿಯೊಂದನ್ನು ಹೊತ್ತುಕೊಂಡು ತಿರುಗಿದ್ದಳು.

ಒಳಗೆ ಹೇಗಿತ್ತು ಅಂತೀರಾ? ಅಡುಗೆಮನೆಯ ಗೋಡೆಯನ್ನು ಸೀಳಿ ಯಾರೋ ತಾಮ್ರದ ಕೊಳವೆಗಳನ್ನು ಕಿತ್ತುಕೊಂಡು ಹೋಗಿದ್ದರು. ನೆರೆಯವರ ಕಾರು, ಮಾಲೆ, ಹುಲ್ಲು ಯಾವುದೂ ಹಿತ್ತಲಿನಿಂದ ಬಂದವರನ್ನು ತಡೆದಿರಲಿಲ್ಲ. ಆದರೆ ಉಳಿದ ಕೋಣೆಗಳ ನೆಲ! ಒಂದು ವರ್ಷದ ಧೂಳಿನ ಕೆಳಗೂ ಅದು ಒರೆಸಿದ ನೆಲ ಎಂದು ಗೊತ್ತಾಗುತ್ತಿತ್ತು. ಒಂದು ಕಾಗದದ ಚೂರಿಲ್ಲ. ಕಿಟಕಿಯ ಪರದೆಗಳನ್ನು ಒಗೆದು, ಮಡಿಸಿ, ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಳು. ಮೂಲೆಯಲ್ಲಿ ಕಸಬರಿಗೆ, ತಲೆಕೆಳಗಾಗಿ ಒರಗಿಸಿದ್ದು.

"ಬಿಟ್ಟ ಹೋಗೂ ಮನೀನ ಹಿಂಗ ತೊಳದ ಹೋಗೀರಿ?" ಎಂದು ಕೇಳಿದೆ. ನಮ್ಮಲ್ಲಿ ಯಾರಾದರೂ ಹೊರಟ ಕೂಡಲೇ, ಅಶುಭ ಎಂದು, ಕಸ ಕೂಡ ಗುಡಿಸುವುದಿಲ್ಲ.

"ಬ್ಯಾಂಕಿನವರು ಬಂದಾಗ ಹೊಲಸ ಮನಿ ಇತ್ತು ಅನಬಾರದಲ್ಲ."

ಬ್ಯಾಂಕಿನವರು ಈ ಕೋಣೆಗಳಲ್ಲಿ ಕಾಲೇ ಇಟ್ಟಿರಲಿಲ್ಲ. ಯಾರೂ ನೋಡದ ಆ ಚೊಕ್ಕಟತನದ ನಡುವೆ ನಿಂತಾಗ ನನಗೆ ಕಿತ್ತೂರಿನ ಕೋಟೆಯಲ್ಲಾಗಲಿ, ದೇಗಾಂವದ ಗುಡಿಯಲ್ಲಾಗಲಿ ಆಗದ ಏನೋ ಆಯಿತು. ಕ್ಯಾಮೆರಾ ಕೊರಳಲ್ಲಿತ್ತು. ಫೋಟೋ ತೆಗೆಯಲಿಲ್ಲ.

ಕೋರ್ಟಿನಲ್ಲಿ

ವಿಚಾರಣೆಯ ದಿನ ಕಾಕಾ ಕೋಟು ಹಾಕಿಕೊಂಡು ನಮಗಿಂತ ಮೊದಲೇ ತಯಾರಾಗಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತೆವು. ಡೆನೀಸ್ ಬರುತ್ತಾಳೋ ಇಲ್ಲವೋ ಮಾರ್ಗವ್ವನಿಗೂ ಗೊತ್ತಿರಲಿಲ್ಲ. ಮನೆ ನೋಡಿದ ಸಂಜೆ ಆಕೆ ಕೋರ್ಟಿನ ಮಾತು ಎತ್ತದೆ ಹೊರಟುಹೋಗಿದ್ದಳು.

ಒಂದೊಂದೇ ಮನೆಯ ವಿಳಾಸ ಕೂಗುತ್ತಿದ್ದರು. ಯಾರೂ ಏಳುತ್ತಿರಲಿಲ್ಲ. ಕೂಗುವುದು, ಮೌನ, ಮುಂದಿನದು. ಕಾಕಾ ನನ್ನ ಕೈ ಹಿಡಿದುಕೊಂಡರು. ನಮ್ಮ ಮನೆಯ ವಿಳಾಸ ಬಂತು. ನೋಡಿ, ಆಗಲೇ ನಾನು 'ನಮ್ಮ ಮನೆ' ಅನ್ನತೊಡಗಿದ್ದೆ.

ನ್ಯಾಯಾಧೀಶೆ ಕೇಳಿದರು, "ಈ ಮನಿಗೆ ಹೊಣಿ ಯಾರು?"

ಬ್ಯಾಂಕಿನ ವಕೀಲ ಎದ್ದು, "ನಮ್ಮದಲ್ಲ" ಎಂದು ಹೇಳಿ ಕುಳಿತ. ಆ ಮಾತು ಹೇಳಲು ಅವನಿಗೆ ಏನೂ ಕಷ್ಟವಾಗಲಿಲ್ಲ.

ಬಾಗಿಲ ಬಳಿಯಿಂದ ದನಿ ಬಂತು. "ನಂದು."

ಡೆನೀಸ್, ಲಾಂಡ್ರಿಯ ಅಂಗಿಯಲ್ಲೇ.

"ನಂದು ಅಂದ್ರ ಸೂರು, ಕೊಳವಿ, ಹುಲ್ಲು ಎಲ್ಲಾ ನಿಮ್ಮ ತಲಿಗೆ ಬರ್ತೈತಿ. ತಿಳದ ಹೇಳಾಕ ಹತ್ತೀರೇನು?"

"ತಿಳದೈತ್ರಿ. ಎಲ್ಲಾ ಒಮ್ಮಿಗೆ ಆಗೂದಿಲ್ಲ. ಆದ್ರ ನಂದು."

ಮಾರ್ಗವ್ವ ಯಾರೂ ಕರೆಯದೆ ಎದ್ದು ನಿಂತರು. "ಹುಲ್ಲ ನಾ ಕೊಯ್ತೇನ್ರಿ. ವರ್ಷಾತು ಕೊಯ್ಯಾಕ ಹತ್ತಿ, ಇಲ್ಲೀತನಕ ಯಾರೂ ಕೇಳಿಲ್ಲ!"

ಕೋರ್ಟು ನಕ್ಕಿತು. ನ್ಯಾಯಾಧೀಶೆಯೂ ತಲೆ ತಗ್ಗಿಸಿ ನಕ್ಕರು. ಆಮೇಲೆ ಕೆಡವುವ ಮನೆಗಳಿಂದ ಅದನ್ನು ತೆಗೆಸಿ, ಚಳಿಗಾಲದ ತನಕ ಡೆನೀಸಳಿಗೆ ಕಾಲಾವಕಾಶ ಕೊಟ್ಟರು. ಬ್ಯಾಂಕಿನ ವಕೀಲನಿಗೆ, ಮುಂದಿನ ಸಲ ಬರುವಾಗ ಒಂದೋ ಮನೆ ತೆಗೆದುಕೊಳ್ಳಲು ಬನ್ನಿ, ಇಲ್ಲವೇ ಅದರ ಮೇಲಿನ ಹಿಡಿತ ಬಿಡಲು ಬನ್ನಿ, ಎರಡೂ ಅಲ್ಲದೆ ಬರಬೇಡಿ ಎಂದರು. ಬ್ಯಾಂಕಿನವರು ಏನು ಮಾಡಿದರೋ, ನಾನು ಇದನ್ನು ಟೈಪ್ ಮಾಡುವ ಹೊತ್ತಿಗೂ ತಿಳಿದಿಲ್ಲ.

ಹೊರಗೆ ಬಂದ ಮೇಲೆ ಕಾಕಾ ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡರು. ಆಮೇಲೆ ಅಂದರು, "ನಮ್ಮ ಕೋರ್ಟಿನಾಗ 'ನಂದು, ನಂದು' ಅಂತ ಮಂದಿ ಚೀರೂದ ಕೇಳಿ ಕೇಳಿ ನನ್ನ ಕಿವಿ ಕಿವುಡ ಆಗ್ಯಾವು. ಆ ಮಾತ ಹಿಂಗೂ ಹೇಳಾಕ ಬರ್ತೈತಿ ಅಂತ ಗೊತ್ತಿದ್ದಿಲ್ಲ ನೋಡವಾ, ನೀಲಾ."

ಹೊರಡುವ ಬೆಳಿಗ್ಗೆ

ಕೊನೆಯ ದಿನ ಬೇಗ ಎದ್ದೆ. ಪೊಟ್ಟಣದ ತಳದಲ್ಲಿ ಉಳಿದಿದ್ದ ಪುಡಿಯನ್ನೆಲ್ಲ ಒಂದು ದೊಡ್ಡ ತೇರಿನ ರಂಗೋಲಿಗೆ ಸುರಿದುಬಿಡಬೇಕು, ಅದೂ ಡೆನೀಸಳ ಬಾಗಿಲಿಗೆ ಎಂದು ತೀರ್ಮಾನಿಸಿದ್ದೆ. ತಂಬಿಗೆ ತುಂಬಿಕೊಂಡು ಹುಲ್ಲು ದಾಟಿ ಹೋದೆ.

ಮೆಟ್ಟಿಲು ಆಗಲೇ ಒದ್ದೆಯಾಗಿತ್ತು.

ಆ ಮನೆಯಲ್ಲಿ ನೀರಿಲ್ಲ, ಕೊಳವೆಗಳಿಲ್ಲ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕ್ಯಾನು ಇತ್ತು, ಆಸ್ಪತ್ರೆಯಿಂದಲೋ ಅಕ್ಕನ ಮನೆಯಿಂದಲೋ ಹೊತ್ತು ತಂದದ್ದು. ಕೆಲಸಕ್ಕೆ ಹೋಗುವ ಮೊದಲು ಬಂದು ಹೋಗಿದ್ದಾಳೆ. ತೊಳೆದ ನೆಲದ ಮೇಲೆ ಮಕ್ಕಳು ಬರೆಯುವ ನೀಲಿ ಸುಣ್ಣದಕಡ್ಡಿಯಿಂದ ಚುಕ್ಕಿಗಳನ್ನಿಟ್ಟು ಒಂದು ಹೂವು ಎಳೆದಿದ್ದಳು. ಸಾಲು ಡೊಂಕು. ಒಂದು ಎಸಳು ಕೂಡಿರಲಿಲ್ಲ, ಒಂದು ಚುಕ್ಕಿ ಹೊರಗೇ ಉಳಿದುಹೋಗಿತ್ತು.

ತಿದ್ದಲು ಕೈ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ಆ ಬಾಗಿಲಿನಲ್ಲಿ ಇನ್ನು ನನಗೆ ಕೆಲಸವಿರಲಿಲ್ಲ. ತಂಬಿಗೆಯ ನೀರನ್ನು ಹಳದಿ ಗುಲಾಬಿಯ ಬುಡಕ್ಕೆ ಹೊಯ್ದು, ಮಾರ್ಗವ್ವನ ಮನೆಗೆ ಗಂಟು ಕಟ್ಟಲು ಹೋದೆ.